ಮಂತ್ರ ಮಾಂಗಲ್ಯಕ್ಕೆ ತಮಟೆ ಬೇಡವಾ?

ಮದುವೆ ಗೊತ್ತಾದ ದಿನದಿಂದ ಗೆಳೆಯರೆಲ್ಲ 'ಡಿಫರೆಂಟಾಗಿ ಮಾಡ್ಕೊಳೋ' ಅಂತ ಐಡಿಯಾ ಕೊಡ್ತಾನೇ ಇದ್ದಾರೆ. ಥೀಮ್ ಕಲರ್ ಅಂತೆ, ಹಳದಿ ಫಂಕ್ಷನ್ನಿಗೆ ಎಲ್ಲರಿಗೂ ಒಂದೇ ಬಣ್ಣದ ಬಟ್ಟೆಯಂತೆ, ಶಿವನಸಮುದ್ರದ ಹತ್ತಿರ ಫೋಟೋ ಶೂಟ್ ಅಂತೆ... ಅಲ್ಲಾ, ಮದುವೆಗೆ ಮುಂಚೆ ಅರಿಶಿನ ಹಚ್ಚದ ಮನೆ ನಮ್ಮ ಮಳವಳ್ಳಿ ಕಡೆ ಯಾವುದಿತ್ತು ಸ್ವಾಮಿ? ಹಸಿರು ಚಪ್ಪರ, ಹಸೆ, ಬಾಸಿಂಗ, ತಮಟೆ. ನಮ್ಮ ಮದುವೆಗಳಿಗೆ ಬಣ್ಣ ಯಾವತ್ತೂ ಕಮ್ಮಿ ಇರಲಿಲ್ಲ. ಅದನ್ನೇ ಈಗ ಪ್ಯಾಕೇಜ್ ಮಾಡಿ ನಮಗೇ ಮಾರ್ತಿದ್ದಾರೆ, ಅಷ್ಟೆ.

ನಿಜವಾಗಿ ಬೇರೆ ಥರ ಮದುವೆ ಆದವರು 1966ರಲ್ಲೇ ಆದರು. ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ ಮಾಡಿದರು. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಸಾಲ ಮಾಡಿಸೋ ಆಡಂಬರ ಇಲ್ಲ. ಹುಡುಗ ಹುಡುಗಿ ತಮಗೆ ಅರ್ಥವಾಗೋ ಕನ್ನಡದಲ್ಲಿ ಪ್ರತಿಜ್ಞೆ ತಗೋತಾರೆ. ನಾನೂ ಮದ್ದೂರಿನ ನನ್ನ ಹುಡುಗಿಯೂ ಹೀಗೇ ಆಗೋದು ಅಂತ ತೀರ್ಮಾನ ಮಾಡಿದ್ದೀವಿ.

ಆದ್ರೆ ನನ್ನದೊಂದು ತಕರಾರಿದೆ. ನಾನು ಹೋಗಿರೋ ನಾಲ್ಕೈದು ಮಂತ್ರ ಮಾಂಗಲ್ಯಗಳು ಮದುವೆಗಿಂತ ಹೆಚ್ಚಾಗಿ ವಿಚಾರ ಸಂಕಿರಣದ ಥರ ಇದ್ದವು. ವೇದಿಕೆ, ಬ್ಯಾನರು, ಮೈಕು, ಮೂರು ಜನ ಗಣ್ಯರ ಭಾಷಣ. ಎರಡನೇ ಭಾಷಣದ ಹೊತ್ತಿಗೆ ಮಕ್ಕಳು ಹೊರಗೆ, ಅಜ್ಜಿಯಂದಿರು ತೂಕಡಿಕೆ. ಒಂದು ಕಡೆ ಹಾಡಿಲ್ಲ, ಇನ್ನೊಂದು ಕಡೆ ಹೂವೂ ಇಲ್ಲ. ಊರಿಗೆ ವಾಪಸ್ ಹೋದ ಹೆಂಗಸರು 'ಸಾವಿನ ಮನೆ ಇದ್ದಂಗಿತ್ತು ಕಣವ್ವ' ಅಂದ್ರೆ ಅವರ ಮಗಳಿಗೆ ಅಂಥ ಮದುವೆ ಮಾಡ್ತಾರಾ? ಕುವೆಂಪು ಬೇಡ ಅಂದದ್ದು ಮನೆ ಮುಳುಗಿಸೋ ಖರ್ಚನ್ನ. ತಮಟೆಯವರಿಗೆ ಗೌರವವಾಗಿ ದುಡ್ಡು ಕೊಟ್ಟು ಒಂದು ಗಂಟೆ ಬಾರಿಸಿದರೆ ಯಾವ ಮನೆಯೂ ಮುಳುಗಲ್ಲ. ಛತ್ರದ ಬಾಡಿಗೆ, ಡೆಕೋರೇಶನ್ನು, ಎಲ್ಇಡಿ ಪರದೆ, ಇವೇ ಕಬ್ಬಿನ ಗದ್ದೆ ಅಡ ಇಡಿಸೋವು.

ಮನೆಯವರನ್ನ ಒಪ್ಪಿಸೋದು ಮಾತ್ರ ಯಾವ ಪ್ರಾಜೆಕ್ಟ್ ರಿಲೀಸಿಗಿಂತ ಕಮ್ಮಿ ಇಲ್ಲ :) ಅವ್ವಂದು ಒಂದೇ ಪ್ರಶ್ನೆ, "ಐನೋರಿಲ್ದೆ ಅದ್ಯಾವ ಮದ್ವೆಲಾ?" ಸೋದರಮಾವನದು ಇನ್ನೂ ಜೋರು. 2023ರ ಫೆಬ್ರವರಿಯಲ್ಲಿ ಹೆಣ್ಣು ಸಿಗದ ಹುಡುಗರು ಕೆ.ಎಂ. ದೊಡ್ಡಿಯಿಂದ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ನಿಮಗೂ ನೆನಪಿರಬಹುದು. "ಅವ್ರೆಲ್ಲ ನಡ್ಕೊಂಡು ಹೋದ್ರು, ನಿಂಗೆ ಹೆಣ್ಣು ಸಿಕ್ಕಿರೋದೇ ಪುಣ್ಯ, ಮೇಲೆ ಷೋಕಿ ಬೇರೆ" ಅಂತಾನೆ ಮಾವ. ಅದೇ ವರ್ಷದ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೀತಿದ್ದದ್ದು ಬಯಲಿಗೆ ಬಂತಲ್ಲ. ಹೆಣ್ಣು ಹುಟ್ಟಿದರೆ ಖರ್ಚು ಅನ್ನೋ ಲೆಕ್ಕ ಶುರುವಾಗೋದೇ ಮದುವೆ ಛತ್ರದಿಂದ ಅಂತ ನಾನು ಹೇಳಿದಾಗ ಮಾವ ಸುಮ್ಮನಾದ. ಒಪ್ಪಿದ್ದಾನೆ ಅಂತಲ್ಲ, ಸುಮ್ಮನಾದ ಅಷ್ಟೆ.

ಆಮೇಲೆ ಆಸ್ತಿ ಭಯ. ರಿಜಿಸ್ಟರ್ ಮದುವೆ ಆದ್ರೆ ಪಾಲು ಹೋಗುತ್ತೆ ಅಂತ ಯಾರೋ ಅಪ್ಪನ ತಲೇಲಿ ತುಂಬಿದ್ದರು. 1954ರ ವಿಶೇಷ ವಿವಾಹ ಕಾಯ್ದೆ ಪ್ರಕಾರ ಮದುವೆಯಾದ ಹಿಂದೂ, ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ ಅನ್ನೋ ಮಾತು ಅದರಲ್ಲಿ ಇರೋದು ನಿಜ. ಆದ್ರೆ ಗಂಡು ಹೆಣ್ಣು ಇಬ್ಬರೂ ಹಿಂದೂಗಳಾದರೆ ಅದು ಅನ್ವಯ ಆಗಲ್ಲ ಅಂತ 1976ರಲ್ಲೇ ತಿದ್ದುಪಡಿ ಆಗಿದೆ. ಓದಿ ತೋರಿಸಿದೆ. ಇದೇ ಕಾಯ್ದೆಯಲ್ಲಿ ನನಗೆ ತುಂಬಾ ಇಷ್ಟವಾದ ಇನ್ನೊಂದು ಮಾತಿದೆ: ಮದುವೆಯನ್ನ ವಧೂವರರು ತಮಗೆ ಬೇಕಾದ ಯಾವ ರೀತಿಯಲ್ಲಾದರೂ ಮಾಡ್ಕೋಬಹುದು. ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು, ತಮಗೆ ತಿಳಿಯೋ ಭಾಷೆಯಲ್ಲಿ, ಒಬ್ಬರನ್ನೊಬ್ಬರು ಒಪ್ಪಿದ್ದೇವೆ ಅಂತ ಹೇಳಿದರೆ ಆಯ್ತು. ಹೆಚ್ಚಿನ ಶುಲ್ಕ ಕಟ್ಟಿದರೆ ಕಚೇರಿಯಿಂದ ತಕ್ಕಮಟ್ಟಿನ ದೂರದೊಳಗೆ ನಾವು ಹೇಳಿದ ಜಾಗದಲ್ಲೂ ಮಾಡಬಹುದು. ತಮಿಳುನಾಡಲ್ಲಿ ಅಣ್ಣಾದೊರೆ ಸರ್ಕಾರ 1967ರಲ್ಲೇ ಹಿಂದೂ ವಿವಾಹ ಕಾಯ್ದೆಗೆ ತಿದ್ದುಪಡಿ ತಂದು ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗೆ ಮಾನ್ಯತೆ ಕೊಟ್ಟಿತು. ಮಂತ್ರ ಮಾಂಗಲ್ಯಕ್ಕೂ ಅಂಥದ್ದೊಂದು ಬೇಕು ಅಂತ ನನ್ನ ಆಸೆ.

ಈಗ ನಮ್ಮ ಪ್ಲಾನು. ನಮ್ಮ ತೋಟದಲ್ಲೇ ಚಪ್ಪರ. ನನ್ನ ಹುಡುಗಿ ಗಿಳಿಹಸಿರು ಸೀರೆ, ನಾನು ಕೆಂಪು ರುಮಾಲು (ಇದು ಅವಳ ಆಜ್ಞೆ). ಭಾಷಣ ಒಂದೂ ಇಲ್ಲ. ಪ್ರತಿಜ್ಞೆ ಓದೋಕೆ ಮುಂಚೆ ಅಜ್ಜಿ ಮತ್ತು ಓರಗೆಯವರು ಸೋಬಾನೆ ಹಾಡ್ತಾರೆ. ಅಜ್ಜಿಗೆ ಐನೋರಿಲ್ಲ ಅನ್ನೋದಕ್ಕಿಂತ ತನ್ನ ಕೈಗೆ ಮೈಕು ಸಿಗುತ್ತೆ ಅನ್ನೋದೇ ದೊಡ್ಡ ಸುದ್ದಿ. ಕನ್ಯಾದಾನ ಇಲ್ಲ, ಅವಳು ಯಾರೂ ದಾನ ಕೊಡೋ ವಸ್ತು ಅಲ್ಲ. ಖರ್ಚು ಎರಡೂ ಮನೆಗೆ ಸಮ. ಮುಯ್ಯಿ ಬೇಡ. ತಿಂಡಿಗೆ ಮದ್ದೂರು ವಡೆ, ಬೀಗರ ಕಡೆಯಿಂದ.

ಬೀಗರೂಟದ್ದೇ ಇನ್ನೂ ಇತ್ಯರ್ಥ ಆಗಿಲ್ಲ. ಬಂಡೂರು ಕುರಿಗೆ ಹೆಸರು ಕೊಟ್ಟ ಬಂಡೂರು ನಮ್ಮ ಮಳವಳ್ಳಿ ತಾಲೂಕಿನದೇ, ಅದೇ ಆಗಬೇಕು ಅಂತ ಮಾವನ ಹಟ. ಅದರ ಬೆಲೆ ಕೇಳಿದ್ರೆ ಆಡಂಬರ ಬೇಡ ಅನ್ನೋ ನಮ್ಮ ಷರತ್ತು ಅಲ್ಲೇ ಬಿದ್ದುಹೋಗುತ್ತೆ. ಅವಳು ಸಸ್ಯಾಹಾರಿ ಬೇರೆ. ನೀವೇನಂತೀರಾ?