ಆಟ ಬೇಡವೆನ್ನುವವರಿಗೆ

ಪದವಿ ವಿದ್ಯಾರ್ಥಿಗಳಿಗೆ ಆನ್‌ಲೈನ್ ತರಗತಿಯಲ್ಲಿ ಆಟ ಆಡಿಸಿದರೆ ಪಾಠದ ಗಾಂಭೀರ್ಯ ಕೆಡುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಎಷ್ಟೋ ಮಕ್ಕಳು ಕ್ಯಾಮೆರಾ ಮುಚ್ಚಿ ಮೌನವಾಗಿ ಕುಳಿತಿದ್ದರು. ಅಲ್ಲಿ ಯಾವ ಗಾಂಭೀರ್ಯವಿತ್ತು?

ಎಂಜಿನಿಯರನಾಗಿ ಒಂದು ಉದಾಹರಣೆ ಕೊಡುತ್ತೇನೆ. ಎರಡು ತುದಿಗೆ ಆಧಾರವಿರುವ ಬೀಮಿನ ಮೇಲೆ ಉದ್ದಕ್ಕೂ ಸಮನಾದ ಭಾರವಿದೆ. ಪ್ರತಿ ಮೀಟರಿನ ಭಾರ ಅಷ್ಟೇ ಇದ್ದು ಉದ್ದ ಇಮ್ಮಡಿಯಾದರೆ ಬೀಮು ಎಷ್ಟು ಪಟ್ಟು ಹೆಚ್ಚು ಬಾಗುತ್ತದೆ? 2, 4, 8, 16 – ಮೊಬೈಲಿನಲ್ಲಿ ಒಂದನ್ನು ಒತ್ತಲಿ, ಹೆಸರು ಬೇಡ. ಬಳಿಕ ಪಕ್ಕದವರೊಡನೆ ಚರ್ಚಿಸಿ ಮತ್ತೆ ಒತ್ತಲಿ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಕ್ರಮವಿದು. 4 ಎಂದವರು ಹೇಳಿದ್ದು ಬೆಂಡಿಂಗ್ ಮೊಮೆಂಟಿನ ಉತ್ತರ. ಬಾಗುವುದು 16 ಪಟ್ಟು. ವಾದಿಸಿ ಕಂಡುಕೊಂಡದ್ದು ಮರೆಯುವುದಿಲ್ಲ.

ಒಂದು ಎಚ್ಚರಿಕೆ. ಕಹೂಟ್‌ನಂತಹ ಆಟದಲ್ಲಿ ಬೇಗ ಒತ್ತಿದವರಿಗೆ ಹೆಚ್ಚು ಅಂಕ. ಸಿಗ್ನಲ್‌ಗಾಗಿ ಮಾಳಿಗೆ ಹತ್ತಿದ ಹಳ್ಳಿಯ ಹುಡುಗಿ ಉತ್ತರ ಗೊತ್ತಿದ್ದೂ ಹಿಂದೆ ಬೀಳುತ್ತಾಳೆ. ಮೇಲು ಕೀಳು ಬೇಡವೆನ್ನುವ ನಾವು ನೆಟ್‌ವರ್ಕಿನ ಮೇಲು ಕೀಳನ್ನು ತರಗತಿಗೆ ತರಬಾರದು. ಮಠಗಳ ಕಾಲೇಜುಗಳ ಅಧ್ಯಾಪಕ ಬಂಧುಗಳೇ, ಆಟ ಆಡಿಸಿ. ವೇಗಕ್ಕೆ ಮಾತ್ರ ಅಂಕ ಕೊಡಬೇಡಿ.