ತೆರೆಯ ಮೇಲಿನ ಒಪೆರಾ: ಕ್ಯಾಮೆರಾದ ಕೆಲಸವನ್ನೂ ತೂಗಬೇಕು

ರಂಗಮಂದಿರದಲ್ಲಿ ನಡೆದ ಒಪೆರಾವನ್ನು ಚಿತ್ರೀಕರಿಸಿ ಡಿವಿಡಿಯಾಗಿಯೋ ಸಿನಿಮಾ ಮಂದಿರದ ನೇರಪ್ರಸಾರವಾಗಿಯೋ ಕೊಟ್ಟಾಗ ವಿಮರ್ಶಕರು ಗಾಯಕರ ಕಂಠವನ್ನು ತೂಗುತ್ತಾರೆ, ವಾದ್ಯವೃಂದವನ್ನು ತೂಗುತ್ತಾರೆ, ರಂಗಸಜ್ಜಿಕೆ ಹಳೆಯ ಕಾಲದ್ದೋ ಹೊಸ ಕಾಲದ್ದೋ ಎಂದು ವಾದಿಸುತ್ತಾರೆ. ಯಾವ ಕ್ಷಣದಲ್ಲಿ ಯಾರನ್ನು ನೋಡಬೇಕು, ಎಷ್ಟು ಹತ್ತಿರದಿಂದ ನೋಡಬೇಕು, ಏನನ್ನು ನೋಡದೇ ಬಿಡಬೇಕು ಎಂಬುದನ್ನೆಲ್ಲ ನಮ್ಮ ಪರವಾಗಿ ತೀರ್ಮಾನಿಸಿದ ವಿಡಿಯೊ ನಿರ್ದೇಶಕರ ಕೆಲಸಕ್ಕೆ ಕೊನೆಯಲ್ಲಿ ಅರ್ಧ ಸಾಲು ಸಿಕ್ಕರೆ ಹೆಚ್ಚು. ಇದನ್ನು ಸಣ್ಣ ಲೋಪವೆಂದು ಬಿಡಲಾಗದು. ಮಂದಿರದಲ್ಲಿ ಕೂತವರ ಕಣ್ಣಿಗೆ ಇಡೀ ರಂಗವೇ ತೆರೆದಿರುತ್ತದೆ. ನಾಯಕಿ ಹಾಡುತ್ತಿರುವಾಗ ಮೂಲೆಯಲ್ಲಿ ನಿಂತ ಸೇವಕನನ್ನು ನೋಡುವ ಹಕ್ಕೂ ಅವರಿಗಿದೆ. ತೆರೆಯ ಮುಂದೆ ಕೂತವರಿಗೆ ಆ ಹಕ್ಕಿಲ್ಲ. ಅವರು ನೋಡುವುದು ರಂಗಪ್ರಯೋಗದ ಮೇಲೆ ಇನ್ನೊಬ್ಬರು ಮಾಡಿದ ವ್ಯಾಖ್ಯಾನವನ್ನು. ಹಾಗಿರುವಾಗ ಆ ವ್ಯಾಖ್ಯಾನವನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳೆಯುವುದು ಅರ್ಧ ವಿಮರ್ಶೆ. ಅದರಲ್ಲೂ ಗ್ರ್ಯಾಂಡ್ ಒಪೆರಾ ಎಂಬ ಪ್ರಕಾರದಲ್ಲಿ ಕ್ಯಾಮೆರಾವನ್ನು ಅಳೆಯಲು ಒಂದು ಖಚಿತವಾದ ಮಾನದಂಡವೇ ಇದೆ. ಒಬ್ಬ ವ್ಯಕ್ತಿಗೂ ಅವನ ಸುತ್ತಲಿನ ಜನಸಮೂಹಕ್ಕೂ ಇರುವ ಸಂಬಂಧ ತೆರೆಯ ಮೇಲೆ ಉಳಿಯಿತೇ ಎಂದು ಕೇಳಬೇಕು. ಉಳಿಯದಿದ್ದರೆ ಕಂಠಗಳು ಎಷ್ಟೇ ಚೆನ್ನಾಗಿರಲಿ, ಕೃತಿ ಕೈತಪ್ಪಿದೆ ಎಂದೇ ಅರ್ಥ.

ಹೀಗೆ ಹೇಳಲು ಕಾರಣ ಆ ಪ್ರಕಾರದ ಹುಟ್ಟಿನಲ್ಲೇ ಇದೆ. ಪ್ಯಾರಿಸ್‌ನಲ್ಲಿ 1828ರಲ್ಲಿ ಬಂದ ಓಬೇರ್ ಅವರ ‘ಲಾ ಮ್ಯುಯೆಟ್ ದ ಪೋರ್ಟಿಚಿ’, ಮರುವರ್ಷದ ರೊಸ್ಸೀನಿಯ ‘ವಿಲಿಯಂ ಟೆಲ್’, 1836ರ ಮೇಯರ್‌ಬೇರ್ ಅವರ ‘ಲೆ ಯೂಗನೋ’ ಇವೆಲ್ಲ ಇತಿಹಾಸದ ದೊಡ್ಡ ಘಟನೆಗಳನ್ನು ರಂಗಕ್ಕೆ ತಂದ ಕೃತಿಗಳು. ನಾಲ್ಕೈದು ಅಂಕಗಳು, ನಡುವೆ ಬ್ಯಾಲೆ, ಭಾರಿ ಮೇಳಗಾನ, ಮೆರವಣಿಗೆ. ವೈಭವದ ಪ್ರದರ್ಶನಕ್ಕಾಗಿ ಮಾತ್ರ ಇಷ್ಟೆಲ್ಲ ಜನರನ್ನು ರಂಗಕ್ಕೆ ತಂದರೆಂದುಕೊಂಡರೆ ಆ ಕೃತಿಗಳನ್ನು ಓದಿದ್ದೇ ತಪ್ಪಾಗುತ್ತದೆ. ದಂಗೆ, ಧರ್ಮಯುದ್ಧ, ಸಾಮೂಹಿಕ ಹತ್ಯೆಗಳ ನಡುವೆ ಸಿಕ್ಕಿಬಿದ್ದ ಪ್ರೇಮವೇ ಅವುಗಳ ವಸ್ತು. ‘ಲಾ ಮ್ಯುಯೆಟ್’ 1830ರ ಆಗಸ್ಟ್‌ನಲ್ಲಿ ಬ್ರಸೆಲ್ಸ್‌ನಲ್ಲಿ ಆಡಿದ ರಾತ್ರಿ ಪ್ರೇಕ್ಷಕರು ಬೀದಿಗಿಳಿದರು, ಬೆಲ್ಜಿಯಂನ ಸ್ವಾತಂತ್ರ್ಯದ ಕ್ರಾಂತಿ ಅಲ್ಲಿಂದ ಹೊತ್ತಿಕೊಂಡಿತು. ರಂಗದ ಮೇಲಿನ ಗುಂಪಿಗೆ ಅಂಥ ಶಕ್ತಿಯಿತ್ತು.

ಈ ಪ್ರಕಾರದ ಅತ್ಯುನ್ನತ ಕೃತಿಗಳಲ್ಲಿ ಒಂದು ವೆರ್ಡಿಯ ‘ಡಾನ್ ಕಾರ್ಲೋಸ್’. ಷಿಲ್ಲರನ ನಾಟಕವನ್ನು ಆಧರಿಸಿದ ಇದು 1867ರ ಮಾರ್ಚ್ 11ರಂದು ಪ್ಯಾರಿಸ್‌ನಲ್ಲಿ ಫ್ರೆಂಚ್ ಭಾಷೆಯಲ್ಲಿ ಐದು ಅಂಕಗಳಲ್ಲಿ ಮೊದಲ ಪ್ರದರ್ಶನ ಕಂಡಿತು. ಸ್ಪೇನಿನ ದೊರೆ ಎರಡನೆಯ ಫಿಲಿಪ್, ಅವನ ಮಗ ಕಾರ್ಲೋಸ್, ಮಗನಿಗೆ ನಿಶ್ಚಯವಾಗಿ ಕೊನೆಗೆ ಅಪ್ಪನನ್ನೇ ಮದುವೆಯಾಗಬೇಕಾಗಿ ಬಂದ ಎಲಿಜಬೆತ್, ಫ್ಲಾಂಡರ್ಸ್ ಜನರ ಸ್ವಾತಂತ್ರ್ಯಕ್ಕಾಗಿ ಹೋರಾಡುವ ಗೆಳೆಯ ಪೋಸಾ, ಎಲ್ಲರ ಮೇಲೆ ನೆರಳು ಚಾಚಿದ ಧರ್ಮಾಧಿಕಾರಿ. ಮೂರನೆಯ ಅಂಕದ ಕೊನೆಯಲ್ಲಿ ಧರ್ಮದ್ರೋಹಿಗಳೆಂದು ತೀರ್ಪಾದವರನ್ನು ಬಹಿರಂಗವಾಗಿ ಸುಡುವ ದೃಶ್ಯವಿದೆ. ಷಿಲ್ಲರನ ನಾಟಕದಲ್ಲಿ ಇದು ಇಲ್ಲ, ಒಪೆರಾಕ್ಕಾಗಿ ಸೇರಿಸಿದ್ದು. ಚರ್ಚಿನ ಮುಂದಿನ ಚೌಕದಲ್ಲಿ ಜನ ಹಬ್ಬದ ಸಂಭ್ರಮದಲ್ಲಿ ಹಾಡುತ್ತಾರೆ. ಆ ಸಂಭ್ರಮದ ನಡುವೆಯೇ ಸನ್ಯಾಸಿಗಳು ಶವಯಾತ್ರೆಯ ಲಯದಲ್ಲಿ ಅಪರಾಧಿಗಳನ್ನು ಕರೆತರುತ್ತಾರೆ. ಬಾಗಿಲು ತೆರೆದು ಕಿರೀಟಧಾರಿ ಫಿಲಿಪ್ ಹೊರಬರುತ್ತಾನೆ. ಫ್ಲಾಂಡರ್ಸ್‌ನ ಆರು ಪ್ರತಿನಿಧಿಗಳು ಅವನ ಕಾಲಿಗೆ ಬಿದ್ದು, ತಗ್ಗಿದ ಸ್ವರದಲ್ಲಿ, ಆರು ಜನ ಒಂದೇ ಧ್ವನಿಯಾಗಿ ಬೇಡುತ್ತಾರೆ. ರಾಣಿ, ರಾಜಕುಮಾರ, ಪೋಸಾ, ಜನಸಾಮಾನ್ಯರು ಒಂದು ಕಡೆ. ದೊರೆ ಮತ್ತು ಸನ್ಯಾಸಿಗಳು ಇನ್ನೊಂದು ಕಡೆ. ಕಾರ್ಲೋಸ್ ಕತ್ತಿ ಹಿರಿಯುತ್ತಾನೆ. ಅವನ ಕತ್ತಿ ಕಿತ್ತುಕೊಳ್ಳಿ ಎಂದು ದೊರೆ ಆಜ್ಞಾಪಿಸಿದರೆ ಒಬ್ಬರೂ ಮುಂದೆ ಬರುವುದಿಲ್ಲ. ಆಮೇಲೆ ಪೋಸಾ ಬಂದು ಕೇಳುತ್ತಾನೆ, ಅದೇ ಹೊತ್ತಿಗೆ ಕ್ಲಾರಿನೆಟ್ ಮೆಲ್ಲಗೆ ಇಬ್ಬರ ಗೆಳೆತನದ ರಾಗವನ್ನು ನೆನಪಿಸುತ್ತದೆ. ಕತ್ತಿ ಕೈ ಬದಲಾಗುತ್ತದೆ, ದೊರೆ ಪೋಸಾನಿಗೆ ಡ್ಯೂಕ್ ಪದವಿ ಕೊಡುತ್ತಾನೆ, ಮೆರವಣಿಗೆ ಮುಂದೆ ಸಾಗುತ್ತದೆ, ಬೆಂಕಿ ಏಳುತ್ತದೆ.

ಇದನ್ನು ಚಿತ್ರೀಕರಿಸುವುದು ಹೇಗೆ? ಹೆಚ್ಚಿನ ವಿಡಿಯೊ ನಿರ್ದೇಶಕರ ಸಹಜ ಪ್ರವೃತ್ತಿ ಹಾಡುವವರ ಮುಖಕ್ಕೆ ಹೋಗುವುದು. ದೊರೆ ಹಾಡಿದರೆ ದೊರೆಯ ಮುಖ, ಕಾರ್ಲೋಸ್ ಹಾಡಿದರೆ ಕಾರ್ಲೋಸ್ ಮುಖ, ಮೇಳ ಹಾಡಿದರೆ ಒಮ್ಮೆ ಅಗಲ ನೋಟ, ಮತ್ತೆ ಮುಖ. ಇದರಿಂದ ದೃಶ್ಯ ಒಡೆದು ಚೂರಾಗುತ್ತದೆ. ‘ಒಬ್ಬರೂ ಮುಂದೆ ಬರಲಿಲ್ಲ’ ಎಂಬುದು ಈ ದೃಶ್ಯದ ನಡುಬೆನ್ನು. ಆದರೆ ‘ಒಬ್ಬರೂ’ ಎಂದರೆ ಎಷ್ಟು ಜನ ಎಂಬುದು ಕಣ್ಣಿಗೆ ಬೀಳದಿದ್ದರೆ ಆ ನಿಶ್ಚಲತೆಗೆ ಅರ್ಥವೇ ಇಲ್ಲ. ಇಡೀ ಆಸ್ಥಾನ ಕಲ್ಲಾಗಿ ನಿಂತಿದ್ದನ್ನು ಮೊದಲು ತೋರಿಸಿ, ಆಮೇಲೆ ಕ್ಲಾರಿನೆಟ್ಟಿನ ರಾಗದೊಂದಿಗೆ ಪೋಸಾನ ಹತ್ತಿರ ಹೋದರೆ ಆ ಸಮೀಪನೋಟ ಎದೆಗೆ ತಾಗುತ್ತದೆ. ಐದು ನಿಮಿಷದಿಂದ ಮುಖಗಳನ್ನೇ ತೋರಿಸುತ್ತ ಬಂದಿದ್ದರೆ ಪೋಸಾನದು ಇನ್ನೊಂದು ಮುಖವಷ್ಟೇ. ನಮ್ಮ ಯಕ್ಷಗಾನದ ವಿಡಿಯೊಗಳಲ್ಲಿ ವೇಷಧಾರಿಯ ಕಣ್ಣು ಹುಬ್ಬುಗಳನ್ನೇ ತುಂಬಿಸಿ, ಚೆಂಡೆಯ ಪೆಟ್ಟಿಗೆ ಕುಣಿಯುವ ಕಾಲುಗಳನ್ನು ಚೌಕಟ್ಟಿನ ಹೊರಗೆ ಬಿಟ್ಟಾಗ ಆಗುವ ನಷ್ಟವನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಿಲ್ಲ.

ಹಾಗೆಂದು ಸಮೀಪನೋಟವೇ ಬೇಡ ಎನ್ನುವ ವಾದ ನನ್ನದಲ್ಲ. ಇದೇ ಒಪೆರಾದ ಮುಂದಿನ ಅಂಕವೇ ಅದಕ್ಕೆ ಉತ್ತರ ಕೊಡುತ್ತದೆ. ನಿದ್ದೆಯಿಲ್ಲದ ರಾತ್ರಿ ಮುಗಿಯುವ ಹೊತ್ತು, ಫಿಲಿಪ್ ತನ್ನ ಕೋಣೆಯಲ್ಲಿ ಒಬ್ಬನೇ. ಮೇಣದ ಬತ್ತಿಗಳು ಉರಿದು ಮುಗಿಯುತ್ತಿವೆ. ಒಂಟಿ ಚೆಲ್ಲೋ ನುಡಿಯುತ್ತಿದೆ. ಹೆಂಡತಿ ತನ್ನನ್ನು ಎಂದೂ ಪ್ರೀತಿಸಲಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಾನೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಂಥ ಸುಮಾರು 3,800 ಆಸನಗಳ ಮಂದಿರದ ಹಿಂದಿನ ಸಾಲಿನಲ್ಲಿ ಕೂತವರಿಗೆ ಈ ಮುಖ ಕಾಣುವುದೇ ಇಲ್ಲ. ಇಲ್ಲಿ ಕ್ಯಾಮೆರಾ ರಂಗಮಂದಿರ ಕೊಡಲಾರದ್ದನ್ನು ಕೊಡುತ್ತದೆ, ಹತ್ತಿರ ಹೋಗದ ನಿರ್ದೇಶಕನನ್ನೇ ನಾನು ದೂರುತ್ತೇನೆ. ಅದರ ಬೆನ್ನಿಗೇ ತೊಂಬತ್ತು ವರ್ಷದ ಕುರುಡ ಧರ್ಮಾಧಿಕಾರಿ ಬರುತ್ತಾನೆ. ಅವನ ಭಯಾನಕತೆ ಇರುವುದು ಖಾಲಿ ಕೋಣೆಯನ್ನು ಅವನು ನಿಧಾನವಾಗಿ ದಾಟಿ ಬರುವುದರಲ್ಲಿ, ದೊರೆಯಾದವನು ಅಷ್ಟೂ ಹೊತ್ತು ಕಾಯಬೇಕಾಗುವುದರಲ್ಲಿ. ಆ ನಡಿಗೆಯ ನಡುವೆ ಕತ್ತರಿ ಹಾಕಿದರೆ ಸಿಂಹಾಸನಕ್ಕಿಂತ ಧರ್ಮಪೀಠ ದೊಡ್ಡದು ಎಂಬ ಸಂಗತಿ ಕಾಣದೇ ಹೋಗುತ್ತದೆ. ಒಂದೇ ಕೃತಿ, ಅಕ್ಕಪಕ್ಕದ ದೃಶ್ಯಗಳು, ಕ್ಯಾಮೆರಾದಿಂದ ಅವು ಕೇಳುವ ಕೆಲಸ ಮಾತ್ರ ಒಂದಕ್ಕೊಂದು ವಿರುದ್ಧ. ಆ ವ್ಯತ್ಯಾಸ ಗೊತ್ತಿದ್ದವರು ಸಂಗೀತವನ್ನು ಓದಿದ್ದಾರೆ. ಎಲ್ಲ ದೃಶ್ಯಕ್ಕೂ ಒಂದೇ ಕ್ರಮ ಹಿಡಿದವರು ಓದಿಲ್ಲ.

ಚಿತ್ರೀಕರಣಗೊಂಡ ಮೂರು ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟರೆ ಈ ಮಾನದಂಡ ಎಷ್ಟು ಕೆಲಸಕ್ಕೆ ಬರುತ್ತದೆಂದು ತಿಳಿಯುತ್ತದೆ. 1983ರ ಮೆಟ್ರೊಪಾಲಿಟನ್ ಪ್ರಯೋಗ ಇಟಾಲಿಯನ್ ಭಾಷೆಯದು, ಜಾನ್ ಡೆಕ್ಸ್‌ಟರ್ ನಿರ್ದೇಶನ, ಜೇಮ್ಸ್ ಲೆವೈನ್ ಸಂಗೀತ ನಿರ್ವಹಣೆ, ಪ್ಲಾಸಿಡೊ ಡೊಮಿಂಗೊ, ಮಿರೆಲ್ಲ ಫ್ರೇನಿ, ನಿಕೊಲಾಯ್ ಗ್ಯೌರೋವ್ ಅವರಂಥ ಗಾಯಕರು. ಚಿತ್ರೀಕರಿಸಿದವರು ಬ್ರಯಾನ್ ಲಾರ್ಜ್. ಅಂದಿನ ಟಿವಿ ಚೌಕಟ್ಟು ನಾಲ್ಕಕ್ಕೆ ಮೂರರ ಅಳತೆಯದು, ರಂಗವೋ ಅದಕ್ಕಿಂತ ಬಹಳ ಅಗಲ. ಗುಂಪನ್ನು ಪೂರ್ತಿ ತೋರಿಸಿದರೆ ಮನುಷ್ಯರು ಚುಕ್ಕೆಗಳಾಗುತ್ತಾರೆ, ಮನುಷ್ಯರನ್ನು ತೋರಿಸಿದರೆ ಗುಂಪು ತುಂಡಾಗುತ್ತದೆ. ಈ ಕಟ್ಟುಪಾಡಿನೊಳಗೆ ಮಾಡಿದ ಕೆಲಸವನ್ನು ಇಂದಿನ ಅಗಲ ತೆರೆಯ ಕಣ್ಣಿನಿಂದ ಬೈಯುವುದು ನ್ಯಾಯವಲ್ಲ. 1996ರ ಪ್ಯಾರಿಸ್ ಶಾತ್ಲೆ ರಂಗಮಂದಿರದ ಪ್ರಯೋಗ ಮೂಲದ ಫ್ರೆಂಚ್ ಭಾಷೆಗೆ ಮರಳಿತು. ಲುಕ್ ಬಾಂಡಿ ಅವರ ನಿರ್ದೇಶನ ಗುಂಪಿಗಿಂತ ವ್ಯಕ್ತಿಗಳ ಮೇಲೆ ನಿಂತದ್ದು, ಆಂಟೊನಿಯೊ ಪಪ್ಪಾನೊ ವಾದ್ಯವೃಂದವನ್ನು ನಡೆಸಿದರು. ರೊಬೆರ್ಟೊ ಅಲಾನ್ಯ, ಕರಿಟ ಮಟ್ಟಿಲ, ಥಾಮಸ್ ಹ್ಯಾಂಪ್ಸನ್, ಜೋಸೆ ವಾನ್ ಡಾಮ್ ಎಲ್ಲರೂ ಮುಖದಲ್ಲೂ ನಟಿಸಬಲ್ಲವರು. ಕ್ಯಾಮೆರಾ ಹತ್ತಿರ ಹೋದದ್ದು ಅಲ್ಲಿ ಸರಿಹೊಂದುತ್ತದೆ, ರಂಗನಿರ್ದೇಶಕನೇ ಆ ದಾರಿ ಹಿಡಿದಿದ್ದನಲ್ಲ. ಆದರೆ ಬೆಂಕಿಯ ದೃಶ್ಯ ಬಂದಾಗ ರಂಗವೂ ಕ್ಯಾಮೆರಾವೂ ಒಟ್ಟಿಗೇ ಬಡವಾಗುತ್ತವೆ.

ಮೂರನೆಯದು 2004ರ ವಿಯೆನ್ನಾ ಸ್ಟೇಟ್ ಒಪೆರಾದ ಪ್ರಯೋಗ, ಪೀಟರ್ ಕಾನ್ವಿಚ್ನಿ ನಿರ್ದೇಶನ. ಬೆಂಕಿಯ ದೃಶ್ಯವನ್ನು ಅವರು ರಂಗದಿಂದ ಹೊರಗೆ, ಮಂದಿರದ ಮೊಗಸಾಲೆಗೆ ಒಯ್ದರು. ವಿರಾಮಕ್ಕೆಂದು ಎದ್ದ ಪ್ರೇಕ್ಷಕರ ನಡುವೆಯೇ ಬಂದಿಗಳನ್ನು ಎಳೆದು ತರಲಾಯಿತು, ರಾಜಪರಿವಾರ ಗಣ್ಯರಂತೆ ಆಗಮಿಸಿತು, ಅದೆಲ್ಲವೂ ಟಿವಿ ನೇರಪ್ರಸಾರದ ರೂಪದಲ್ಲಿ ಮಂದಿರದೊಳಗಿನ ಪರದೆಯ ಮೇಲೆ ಮೂಡಿತು. ಸುಡುವುದನ್ನು ನೋಡಲು ನೆರೆದ ಜನ ಎಂಬ ಪಾತ್ರ ಟಿಕೆಟ್ ಕೊಂಡು ಬಂದವರ ಪಾಲಿಗೆ ಬಂತು. ಅಲ್ಲಿ ಕ್ಯಾಮೆರಾ ಹೊರಗಿನಿಂದ ಬಂದ ಸಾಕ್ಷಿಯಾಗಿ ಉಳಿಯದೆ ನಾಟಕದೊಳಗಿನ ಒಂದು ಪಾತ್ರವೇ ಆಗಿದೆ. ಹಾಗಾಗಿ ಮನೆಯಲ್ಲಿ ಕೂತು ನೋಡುವವರಿಗೂ ಗುಂಪಿನೊಳಗೆ ಸಿಕ್ಕಿಕೊಂಡ ಇರಿಸುಮುರಿಸು ತಪ್ಪುವುದಿಲ್ಲ. ಈ ಪ್ರಯೋಗದ ಇತರ ಭಾಗಗಳ ಬಗ್ಗೆ ನನಗೆ ತಕರಾರಿದೆ. ಬ್ಯಾಲೆಯನ್ನು ಇಂದಿನ ಮಧ್ಯಮವರ್ಗದ ಮನೆಯ ಪ್ರಹಸನವಾಗಿಸಿ, ಪಿಜ್ಜಾ ತರಿಸಿದ್ದು ಆ ಸಂಗೀತದ ತೂಕಕ್ಕೆ ಹೊಂದುವುದಿಲ್ಲ. ಆದರೂ ಗುಂಪಿನ ಪ್ರಶ್ನೆಗೆ ಇಷ್ಟು ಗಟ್ಟಿಯಾದ ಉತ್ತರ ಬೇರೆಡೆ ಸಿಕ್ಕಿಲ್ಲ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ: ವಿಡಿಯೊ ಎಂದರೆ ದಾಖಲೆ, ದಾಖಲೆಯನ್ನು ಕಲೆಯಂತೆ ಯಾಕೆ ತೂಗಬೇಕು? ದಾಖಲೆಯೂ ಆರಿಸಿದ್ದೇ ಆಗಿರುತ್ತದೆ ಎಂಬುದೇ ಇದಕ್ಕೆ ಉತ್ತರ. ಬೈರಾಯ್ಟ್‌ನಲ್ಲಿ ಪ್ಯಾಟ್ರಿಸ್ ಶೆರೊ 1976ರಲ್ಲಿ ರಂಗಕ್ಕೆ ತಂದ ವಾಗ್ನರನ ‘ರಿಂಗ್’ ಮೊದಲ ವರ್ಷ ಕೂಗಾಟ ಪ್ರತಿಭಟನೆಗಳನ್ನು ಎದುರಿಸಿತ್ತು. ಅದೇ ಬ್ರಯಾನ್ ಲಾರ್ಜ್ ಅದನ್ನು 1979 ಮತ್ತು 1980ರಲ್ಲಿ ಪ್ರೇಕ್ಷಕರಿಲ್ಲದ ಮಂದಿರದಲ್ಲಿ ಚಿತ್ರೀಕರಿಸಿದರು. ಇಂದು ಜಗತ್ತು ಶೆರೊ ಅವರ ‘ರಿಂಗ್’ ಎಂದು ಬಲ್ಲದ್ದು ಆ ಚಿತ್ರೀಕರಣವನ್ನೇ, ಅದರಲ್ಲಿ ಆ ಗದ್ದಲ ಇಲ್ಲ, ಪ್ರೇಕ್ಷಕರ ಉಸಿರೂ ಇಲ್ಲ. ಅನೇಕ ವಿಡಿಯೊಗಳು ಒಂದಕ್ಕಿಂತ ಹೆಚ್ಚು ಪ್ರದರ್ಶನಗಳಿಂದ ಆಯ್ದು ಜೋಡಿಸಿದಂಥವು. ಹೀಗಿರುವಾಗ ‘ಇದ್ದದ್ದು ಇದ್ದಂತೆ’ ಎಂಬ ಮಾತು ನಿಲ್ಲುವುದಿಲ್ಲ. ಚಲನಚಿತ್ರವಾಗಿಯೇ ರೂಪಿಸಿದ ಒಪೆರಾಗಳ ಮಾತು ಬೇರೆ. ಬರ್ಗ್‌ಮನ್ 1975ರಲ್ಲಿ ಮಾಡಿದ ‘ಮ್ಯಾಜಿಕ್ ಫ್ಲೂಟ್’, ಲೋಸಿ 1979ರಲ್ಲಿ ಮಾಡಿದ ‘ಡಾನ್ ಜಿಯೊವಾನಿ’ ಇವೆಲ್ಲ ಸಿನಿಮಾಗಳು, ಸಿನಿಮಾದ ಕಾನೂನಿನಂತೆ ತೂಗಿದರಾಯಿತು. ರಂಗಪ್ರಯೋಗದ ಚಿತ್ರೀಕರಣಕ್ಕೆ ರಂಗ, ತೆರೆ ಎರಡೂ ಕಡೆಯ ಹೊಣೆಯಿದೆ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಒಪೆರಾ ಎಂದರೆ ಸಂಗೀತ. ಗುಂಪು ಕಣ್ಣಿಗೆ ಕಾಣದಿದ್ದರೂ ಕಿವಿಗೆ ಕೇಳುತ್ತದಲ್ಲ ಎನ್ನುವವರಿದ್ದಾರೆ. ಆದರೆ ತೆರೆಯ ಒಪೆರಾದಲ್ಲಿ ಕಿವಿಯೂ ಸ್ವತಂತ್ರವಲ್ಲ. ಮಂದಿರದಲ್ಲಿ ಗಾಯಕರು ಮೈಕಿಲ್ಲದೆ ಇಡೀ ವಾದ್ಯವೃಂದವನ್ನು ದಾಟಿ ಕೇಳಿಸಬೇಕು. ಆ ಸಾಹಸವೇ ಈ ಕಲೆಯ ಅರ್ಧ ರೋಮಾಂಚನ. ಧ್ವನಿಮುದ್ರಣದಲ್ಲಿ ಸಣ್ಣ ಕಂಠ ದೊಡ್ಡದಾಗಬಹುದು, ಮೇಳ ಹಿಂದೆ ಸರಿದು ಮುಖ್ಯ ಗಾಯಕ ಮುಂದೆ ಬರಬಹುದು. ಚಿತ್ರ ಮುಖಕ್ಕೆ ಹತ್ತಿರವಾದಾಗ ಧ್ವನಿಯೂ ಹತ್ತಿರವಿದ್ದರೆ ಚಂದ ಎಂದು ಧ್ವನಿ ತಂತ್ರಜ್ಞರಿಗೂ ಅನಿಸುತ್ತದೆ. ಆದ್ದರಿಂದ ವಿಡಿಯೊ ನೋಡಿ ಗಾಯಕರ ರಾಗಶುದ್ಧಿ, ಉಚ್ಚಾರ, ಭಾವ, ಉಸಿರಿನ ಹಿಡಿತಗಳ ಬಗ್ಗೆ ಧೈರ್ಯವಾಗಿ ಹೇಳಬಹುದು; ಕಂಠದ ಗಾತ್ರದ ಬಗ್ಗೆ ಹೇಳುವಂತಿಲ್ಲ. ಈ ಮಿತಿಯನ್ನು ಒಪ್ಪಿಕೊಂಡ ವಿಮರ್ಶೆ ಅಪರೂಪ.

ಕನ್ನಡದ ಓದುಗರಿಗೂ ಈ ಪ್ರಶ್ನೆ ಹತ್ತಿರದ್ದೇ, ಏಕೆಂದರೆ ನಮ್ಮಲ್ಲಿ ಬಹುತೇಕರಿಗೆ ಒಪೆರಾ ತೆರೆಯ ಮೂಲಕವೇ ಸಿಗುವಂಥದ್ದು. 2006ರ ಕೊನೆಯಲ್ಲಿ ಮೆಟ್ರೊಪಾಲಿಟನ್ ಒಪೆರಾ ಸಿನಿಮಾ ಮಂದಿರಗಳಿಗೆ ನೇರಪ್ರಸಾರ ಆರಂಭಿಸಿದ ಮೇಲೆ ಆ ಪ್ರಯೋಗಗಳು ಮುಂಬೈನ ಎನ್‌ಸಿಪಿಎ ಕಲಾಕೇಂದ್ರದವರೆಗೂ ಬಂದಿವೆ. ಮೆಟ್ರೊಪಾಲಿಟನ್ ‘ಡಾನ್ ಕಾರ್ಲೋಸ್’ನ ಫ್ರೆಂಚ್ ಪಾಠವನ್ನು ಮೊದಲ ಸಲ ರಂಗಕ್ಕೆ ತಂದದ್ದು 2022ರಲ್ಲಿ, ಅದೂ ಜಗತ್ತಿನ ಸಿನಿಮಾ ಮಂದಿರಗಳಿಗೆ ಪ್ರಸಾರವಾಯಿತು. ಆ ಕಲೆಯನ್ನು ಹೀಗೆ ಮೊದಲ ಸಲ ಕಾಣುವವರಿಗೆ ಕ್ಯಾಮೆರಾ ಬಿಟ್ಟದ್ದು ಕೃತಿಯಲ್ಲೇ ಇರಲಿಲ್ಲವೆಂದು ಅನಿಸುವ ಅಪಾಯವಿದೆ. ವಿಡಿಯೊ ನಿರ್ದೇಶಕರ ಹೆಸರನ್ನು ಗಾಯಕರ ಹೆಸರಿನ ಪಕ್ಕದಲ್ಲೇ ಬರೆದು, ಅವರ ಆಯ್ಕೆಗಳನ್ನು ದೃಶ್ಯ ದೃಶ್ಯವಾಗಿ ಪ್ರಶ್ನಿಸುವ ವಿಮರ್ಶೆ ಬೇಕು. ‘ಡಾನ್ ಕಾರ್ಲೋಸ್’ ನೋಡಬಯಸುವವರಿಗೆ ನನ್ನ ತೀರ್ಪು ಇಷ್ಟು: ದೊರೆಯ ಕೋಣೆಯ ಏಕಾಂತಕ್ಕೆ ಮತ್ತು ಗಾಯನಕ್ಕೆ ಪ್ಯಾರಿಸ್ ಶಾತ್ಲೆಯ ವಿಡಿಯೊ ನೋಡಿ, ಬೆಂಕಿಯ ದೃಶ್ಯಕ್ಕೆ ವಿಯೆನ್ನಾದ್ದನ್ನೇ ನೋಡಿ. ಎರಡನ್ನೂ ಒಟ್ಟಿಗೆ ಕೊಡುವ ಚಿತ್ರೀಕರಣ ಇವುಗಳಲ್ಲಿ ಒಂದೂ ಇಲ್ಲ.