ಪಡಸಾಲೆಗೆ ಹೊಸ ಕಳೆ

ಮಳೆಗಾಲ ಹಿಂದೆ ಸರಿದು ಬಿಸಿಲು ಬಲಿಯತೊಡಗಿದಂತೆ ಗೃಹಿಣಿಯರ ದೃಷ್ಟಿ ಮನೆಯ ಗೋಡೆಗಳ ಕಡೆಗೆ ಹರಿಯುವುದು ಸಹಜ. ನವರಾತ್ರಿ, ದೀಪಾವಳಿಗಳ ಮುನ್ನ ಗೋಡೆಗೆ ಸುಣ್ಣ ಬಳಿಯುವುದು, ಕೆಮ್ಮಣ್ಣಿನ ಅಂಚು ಎಳೆಯುವುದು, ಹಾಸಿಗೆ ಪೆಟ್ಟಿಗೆಗಳನ್ನೆಲ್ಲ ಅಂಗಳಕ್ಕೆ ತಂದು ಬಿಸಿಲಿಗೆ ಒಡ್ಡುವುದು ನಮ್ಮಲ್ಲಿ ತಲೆತಲಾಂತರದಿಂದ ನಡೆದು ಬಂದ ಪದ್ಧತಿ. ಇದು ಕೇವಲ ಅಂದಕ್ಕಾಗಿ ಮಾಡುತ್ತಿದ್ದ ಕೆಲಸವಲ್ಲ. ಸುಣ್ಣವು ಕ್ಷಾರಗುಣವುಳ್ಳದ್ದಾದ್ದರಿಂದ ಹೊಸದಾಗಿ ಬಳಿದ ಗೋಡೆಯಲ್ಲಿ ಬೂಷ್ಟು ಬೆಳೆಯದು. ಅದು ಗಾಳಿಯಲ್ಲಿಯ ಇಂಗಾಲಾಮ್ಲವನ್ನು ಹೀರಿಕೊಂಡು ಮರಳಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಗೋಡೆಯೊಳಗಿನ ತೇವಕ್ಕೆ ಹೊರಬರಲು ದಾರಿಯನ್ನೂ ಬಿಟ್ಟಿರುತ್ತದೆ. ಕಡಿಮೆ ಖರ್ಚಿನಲ್ಲಿ ಆರೋಗ್ಯವನ್ನೂ ಅಂದವನ್ನೂ ಸಾಧಿಸುವ ಜಾಣತನ ನಮ್ಮ ಹಿರಿಯರಲ್ಲಿತ್ತು.

ಈಗ ಕಾಲ ಬದಲಾಗಿದೆ. ಸುಣ್ಣದ ಗಡಿಗೆಯ ಸ್ಥಾನಕ್ಕೆ ಡಿಸ್ಟೆಂಪರ್, ಎಮಲ್ಶನ್, ಎನಾಮೆಲ್ ಡಬ್ಬಿಗಳು ಬಂದಿವೆ. ಜಮಖಾನದ ಸ್ಥಾನಕ್ಕೆ ಸೋಫಾ ಬಂದಿದೆ. ಬದಲಾವಣೆ ತಪ್ಪಲ್ಲ. ಆದರೆ ಅನೇಕ ಮನೆಗಳಲ್ಲಿ ಈ ಕೆಲಸದ ಕ್ರಮವೇ ತಲೆಕೆಳಗಾಗಿರುವುದನ್ನು ಕಾಣುತ್ತೇವೆ. ಅಂಗಡಿಯಲ್ಲಿ ಕಣ್ಣಿಗೆ ಹಿಡಿಸಿದ ಸೋಫಾ ಮೊದಲು ಬರುತ್ತದೆ. ಅದಕ್ಕೆ ಒಪ್ಪುವ ಬಣ್ಣ ಆಮೇಲೆ ಬರುತ್ತದೆ. ಗೋಡೆಯ ತೇವ ಎರಡನೆಯ ಮಳೆಗಾಲದಲ್ಲಿ ತಾನಾಗಿಯೇ ಹೊರಗೆ ಬರುತ್ತದೆ. ಈ ಕ್ರಮವನ್ನು ಸರಿಪಡಿಸಿಕೊಂಡರೆ ಹಣವೂ ಉಳಿಯುತ್ತದೆ, ಮನೆಯವರ ಆರೋಗ್ಯವೂ ಉಳಿಯುತ್ತದೆ. ಈ ಸಲದ ಅಂಕಣದಲ್ಲಿ ಆ ಕ್ರಮವನ್ನು ಕುರಿತು ನಾಲ್ಕು ಮಾತು.

ಮೊದಲನೆಯದಾಗಿ, ಪಡಸಾಲೆ ಯಾರದು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಅತಿಥಿಗಳು ವರ್ಷದಲ್ಲಿ ಎಷ್ಟು ದಿನ ಬಂದಾರು? ಉಳಿದೆಲ್ಲ ದಿನಗಳಲ್ಲಿ ಅಲ್ಲಿ ಕೂಡುವವರು ಮನೆಯವರೇ. ಮುಂಜಾನೆ ಪೂಜೆಗೆ ಕುಳಿತುಕೊಳ್ಳುವ ಅಜ್ಜಿಗೆ ಗದ್ದಲವಿಲ್ಲದ ಒಂದು ಮೂಲೆ ಬೇಕು. ಪತ್ರಿಕೆ ಓದುವ ಅಜ್ಜನಿಗೆ ಕಿಟಕಿಯ ಬೆಳಕು ಬೇಕು. ಪಾಠ ಬರೆಯುವ ಮಕ್ಕಳಿಗೆ ಒಂದು ಸಣ್ಣ ಮೇಜು, ಕಾಳು ಆರಿಸುವ ತಾಯಿಗೆ ನೆಲದ ಮೇಲೆ ಒಂದಿಷ್ಟು ತೆರವು ಬೇಕು. ಹೊಸ ಸಾಮಾನು ಬಂದ ಮೇಲೆ ಅಜ್ಜನ ಕುರ್ಚಿ ಹಿತ್ತಲ ಬಾಗಿಲಿನ ಬಳಿಗೆ ಹೋದರೆ ಅಜ್ಜನೂ ಅಲ್ಲಿಗೇ ಹೋಗಿ ಕೂಡುತ್ತಾನೆ. ಬರಹೋಗುವವರ ಮಾತು ಅವನ ಕಿವಿಗೆ ಬೀಳದು, ಅವನ ಮಾತು ಮಕ್ಕಳ ಕಿವಿಗೆ ಬೀಳದು. ಒಂದು ಸೋಫಾದಿಂದ ಒಬ್ಬ ಹಿರಿಯ ಮನೆಯಲ್ಲಿದ್ದೂ ಹೊರಗಿನವನಾಗುವುದು ಉಂಟು. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಮನೆಮಂದಿಯೆಲ್ಲ ಒಂದು ಸಂಜೆ ಕುಳಿತು, ಯಾರು ಎಲ್ಲಿ ಕೂಡುತ್ತಾರೆ, ಏನು ಮಾಡುತ್ತಾರೆ ಎಂಬುದನ್ನು ಮಾತಾಡಿಕೊಳ್ಳುವುದು ಲೇಸು.

ಎರಡನೆಯದು ಗೋಡೆಯ ಪರೀಕ್ಷೆ. ನೆಲದಿಂದ ಎರಡು ಮೂರು ಅಡಿಯವರೆಗೆ ಬಣ್ಣ ಉಬ್ಬಿದ್ದರೆ, ಬಿಳಿಯ ಉಪ್ಪು ಹೂವಿನಂತೆ ಹೊರಗೆ ಬಂದಿದ್ದರೆ, ಅಲ್ಲಿ ತೇವವಿದೆಯೆಂದೇ ತಿಳಿಯಬೇಕು. ಸಂಶಯವಿದ್ದಲ್ಲಿ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ ನಾಲ್ಕೂ ಅಂಚುಗಳನ್ನು ಪಟ್ಟಿಯಿಂದ ಭದ್ರಪಡಿಸಿ ಒಂದು ಹಗಲು ಒಂದು ರಾತ್ರಿ ಬಿಡಬೇಕು. ಹಾಳೆಯ ಒಳಮೈಗೆ ನೀರಿನ ಹನಿ ಕೂತಿದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ ಎಂದರ್ಥ. ಅದರ ಮೂಲ ಒಡೆದ ನಳವಿರಬಹುದು, ಮಾಳಿಗೆಯ ಬಿರುಕಿರಬಹುದು, ಗೋಡೆಗೆ ತಾಗಿ ನಿಲ್ಲುವ ಮಳೆನೀರಿರಬಹುದು. ಮೂಲವನ್ನು ಮುಚ್ಚದೆ ಮೇಲೆ ಎಷ್ಟು ಬೆಲೆಯ ಬಣ್ಣ ಬಳಿದರೂ ಅದು ಸಿಪ್ಪೆಯಂತೆ ಸುಲಿಯುತ್ತದೆ. ಹೊಸದಾಗಿ ಸಿಮೆಂಟು ಗಿಲಾವು ಮಾಡಿದ ಗೋಡೆಯಾದರೆ ಕನಿಷ್ಠ 28 ದಿನ ಬಿಟ್ಟು, ಚೆನ್ನಾಗಿ ಒಣಗಿದ ಮೇಲೆಯೇ ಬಣ್ಣಕ್ಕೆ ಕೈಹಾಕಬೇಕು. ಮಲೆನಾಡಿನ ಮನೆಗಳಲ್ಲಿ ದೀಪಾವಳಿಯ ಹೊತ್ತಿಗೂ ಗೋಡೆ ಪೂರ್ತಿ ಒಣಗಿರುವುದಿಲ್ಲ. ಅಂಥವರು ಬಣ್ಣದ ಕೆಲಸವನ್ನು ಸಂಕ್ರಾಂತಿಯ ನಂತರಕ್ಕೆ ಇಟ್ಟುಕೊಂಡರೆ ಹಬ್ಬಕ್ಕೆ ಯಾವ ಕೊರತೆಯೂ ಆಗದು.

ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆಯ ಹಳೆಯ ಮನೆಗಳಲ್ಲಿ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ ಇನ್ನೂ ಉಳಿದಿವೆ. ಇಂಥ ಗೋಡೆಗಳು ಉಸಿರಾಡುವ ಗೋಡೆಗಳು. ಅವುಗಳ ಮೇಲೆ ಸಿಮೆಂಟು ಗಿಲಾವು ಮಾಡಿ ಪ್ಲಾಸ್ಟಿಕ್ ಗುಣದ ಬಣ್ಣ ಬಳಿದರೆ ತೇವವು ಒಳಗೇ ಸಿಕ್ಕಿಬಿದ್ದು ಮಣ್ಣು ಸಡಿಲಗೊಳ್ಳುತ್ತದೆ. ಆ ಮನೆಗಳಿಗೆ ಮಣ್ಣಿನ ಸಾರಣೆ ಮತ್ತು ಸುಣ್ಣವೇ ಇಂದಿಗೂ ಯೋಗ್ಯವಾದುದು. ಅದು ಬಡತನದ ಗುರುತಲ್ಲ, ಗೋಡೆಯ ಗುಣವನ್ನು ಬಲ್ಲವರ ವಿವೇಕ.

ಮೂರನೆಯ ಮಾತು ಎಲ್ಲಕ್ಕಿಂತ ಮುಖ್ಯವಾದುದು. ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ಹಿಂದೆ ಬಾಗಿಲು, ಕಿಟಕಿ, ಕಬ್ಬಿಣದ ಸರಳು, ತೊಟ್ಟಿಲುಗಳಿಗೆ ಬಳಿಯುತ್ತಿದ್ದ ಎನಾಮೆಲ್ ಬಣ್ಣಗಳಲ್ಲಿ, ಅದರಲ್ಲೂ ಗಾಢವಾದ ಹಳದಿ, ಕಿತ್ತಳೆ, ಕೆಂಪು, ಹಸಿರು ಬಣ್ಣಗಳಲ್ಲಿ, ಸೀಸದ ಅಂಶ ಬಹಳವಾಗಿರುತ್ತಿತ್ತು. ಕೇಂದ್ರ ಸರ್ಕಾರವು 2016ರಲ್ಲಿ ನಿಯಮವೊಂದನ್ನು ಹೊರಡಿಸಿ, 2017ರ ನವೆಂಬರ್ 1ರಿಂದ ತಯಾರಾಗುವ ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಗಳಿಗೆ 90 ಭಾಗವನ್ನು ಮೀರಕೂಡದೆಂದು ವಿಧಿಸಿತು. ಹೊಸ ಡಬ್ಬಿಯ ಮೇಲೆ ಈ ವಿವರವನ್ನು ಓದಿಯೇ ಕೊಳ್ಳಬೇಕು. ಆದರೆ ಅದಕ್ಕೂ ಮುಂಚೆ ಬಳಿದ ಬಣ್ಣ ನಮ್ಮ ಬಾಗಿಲುಗಳ ಮೇಲೆ ಪದರು ಪದರಾಗಿ ಇನ್ನೂ ಕುಳಿತಿದೆ ಎಂಬುದನ್ನು ಮರೆಯಬಾರದು.

ಬಣ್ಣದ ಕೆಲಸದವರು ಒಣ ಉಪ್ಪುಕಾಗದದಿಂದ ಬಾಗಿಲನ್ನು ತಿಕ್ಕಿದಾಗ ಏಳುವ ಧೂಳು ನೆಲಕ್ಕೆ, ಹಾಸಿಗೆಗೆ, ಆಟಿಕೆಗೆ ಕೂಡುತ್ತದೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗೆ ಹಾಕುತ್ತದೆ. ದೊಡ್ಡವರಿಗಿಂತ ಮಕ್ಕಳ ಶರೀರವು ಸೀಸವನ್ನು ಹಲವು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಗರ್ಭಿಣಿಯ ರಕ್ತದಿಂದ ಅದು ಹೊಟ್ಟೆಯೊಳಗಿನ ಕೂಸಿಗೂ ಸೇರುತ್ತದೆ. ಜ್ವರವಿಲ್ಲ, ನೋವಿಲ್ಲ, ಮಗುವಿನ ಬುದ್ಧಿಯ ಬೆಳವಣಿಗೆ ಮಾತ್ರ ಸದ್ದಿಲ್ಲದೆ ಕುಂದುತ್ತದೆ. ಸೀಸದ ಯಾವ ಪ್ರಮಾಣವೂ ಮಕ್ಕಳಿಗೆ ಸುರಕ್ಷಿತವೆಂದು ಕಂಡುಬಂದಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆಂದು ಸಂಭ್ರಮದಿಂದ ಮನೆಗೆ ಬಣ್ಣ ಮಾಡಿಸುವವರು ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕೆಲಸವೆಲ್ಲ ಮುಗಿದು, ಮನೆ ತೊಳೆದಾದ ಮೇಲೆಯೇ ಅವಳನ್ನು ಕರೆತರುವುದು ಕ್ಷೇಮ. ಮೂರು ತಲೆಮಾರಿನಿಂದ ಬಂದ ಬಣ್ಣದ ತೊಟ್ಟಿಲು ಎಷ್ಟೇ ಪ್ರೀತಿಯದಾದರೂ, ಬಣ್ಣ ಚಕ್ಕೆ ಏಳುತ್ತಿದ್ದರೆ ಅದರಲ್ಲಿ ಕೂಸನ್ನು ಮಲಗಿಸಬಾರದು.

ಇದಕ್ಕೆ ಅಂಜಬೇಕಾಗಿಲ್ಲ, ಎಚ್ಚರ ಸಾಕು. ಹಳೆಯ ಬಣ್ಣ ಗಟ್ಟಿಯಾಗಿದ್ದರೆ ಅದನ್ನು ಕೆರೆಯದೆ ಅದರ ಮೇಲೆಯೇ ಹೊಸ ಬಣ್ಣ ಬಳಿಯಬಹುದು. ತಿಕ್ಕಲೇಬೇಕಾದರೆ ನೀರು ಹಚ್ಚಿ ತಿಕ್ಕಿಸಬೇಕು. ಬೆಂಕಿಯಿಂದ ಸುಟ್ಟು ತೆಗೆಯಲು ಎಂದಿಗೂ ಬಿಡಬಾರದು. ಆ ದಿನಗಳಲ್ಲಿ ಮಕ್ಕಳನ್ನೂ ಗರ್ಭಿಣಿಯರನ್ನೂ ಬೇರೆ ಮನೆಯಲ್ಲಿ ಇರಿಸಬೇಕು. ಧೂಳನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಕೆಲಸ ಮಾಡುವವನೂ ಮಕ್ಕಳೊಂದಿಗನು. ಮೂಗಿಗೆ ಕಟ್ಟಿಕೊಳ್ಳಲು ಒಳ್ಳೆಯ ಮುಖಗವಸು ಕೊಟ್ಟು, ಕೈ ತೊಳೆದೇ ಊಟ ಮಾಡುವಂತೆ ಹೇಳುವುದು ಮನೆಯವರ ಕರ್ತವ್ಯ.

ಇನ್ನು ಬಣ್ಣದ ಲೆಕ್ಕ. 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಪಡಸಾಲೆಯ ನಾಲ್ಕು ಗೋಡೆಗಳು ಕೂಡಿ 540 ಚದರ ಅಡಿ. ಎರಡು ಬಾಗಿಲು, ಎರಡು ಕಿಟಕಿಗಳಿಗೆ ಸುಮಾರು 75 ಕಳೆದರೆ 465 ಉಳಿಯುತ್ತದೆ. ಒಂದು ಲೀಟರ್ ಎಮಲ್ಶನ್ ಸಾಮಾನ್ಯವಾಗಿ ಎರಡು ಲೇಪಕ್ಕೆ 100ರಿಂದ 140 ಚದರ ಅಡಿಯವರೆಗೆ ಬರುತ್ತದೆ. ಅಂದರೆ ಮೂರೂವರೆಯಿಂದ ಐದು ಲೀಟರ್ ಸಾಕು. ಮೇಲ್ಛಾವಣಿಯ 180 ಚದರ ಅಡಿಯ ಲೆಕ್ಕ ಬೇರೆ. ಈ ಲೆಕ್ಕ ಕೈಯಲ್ಲಿದ್ದರೆ ಅಂಗಡಿಯವನ ಮುಂದೆ ತಬ್ಬಿಬ್ಬಾಗುವ ಪ್ರಸಂಗ ಬಾರದು. ಬಣ್ಣದ ಆಯ್ಕೆಯನ್ನು ಕಾರ್ಡು ನೋಡಿ ಮಾಡಬಾರದು. ಅಂಗೈಯಷ್ಟು ಕಾರ್ಡಿನಲ್ಲಿ ತಿಳಿಯಾಗಿ ಕಂಡದ್ದು ನಾಲ್ಕು ಗೋಡೆಗಳ ಮೇಲೆ ಗಾಢವಾಗಿ ಕಾಣುತ್ತದೆ. ಸಣ್ಣ ಡಬ್ಬಿ ತಂದು ಗೋಡೆಯ ಮೇಲೆ ಎರಡಡಿ ಚೌಕದಷ್ಟು ಬಳಿದು, ಬೆಳಗಿನಲ್ಲಿ, ಸಂಜೆಯಲ್ಲಿ, ದೀಪದ ಬೆಳಕಿನಲ್ಲಿ ನೋಡಿ ನಿರ್ಧರಿಸಬೇಕು. ಬೆಳಕು ಕಡಿಮೆಯಿರುವ ಕೋಣೆಗೆ ಕೆನೆಬಣ್ಣ, ತಿಳಿಹಳದಿಗಳು ಒಪ್ಪುತ್ತವೆ. ಮೇಲ್ಛಾವಣಿ ಬಿಳಿಯಾಗಿಯೇ ಇದ್ದರೆ ಬೆಳಕು ಕೆಳಗೆ ಮರಳುತ್ತದೆ.

ಕೊನೆಯಲ್ಲಿ ಪೀಠೋಪಕರಣಗಳ ವಿಚಾರ. ಹೊಸದನ್ನು ತರುವ ಮುನ್ನ ಹಳೆಯದರ ಕಡೆಗೆ ಒಮ್ಮೆ ನೋಡಿರಿ. ಸಾಗುವಾನಿ, ಬೀಟೆ, ಹೊನ್ನೆ, ಹಲಸಿನ ಮರದ ಕುರ್ಚಿ, ಮಂಚಗಳ ಕೀಲು ಸಡಿಲಾಗಿರಬಹುದು, ಮರ ಕೆಟ್ಟಿರುವುದಿಲ್ಲ. ಬಡಿಗರಿಂದ ಕೀಲು ಬಿಗಿಸಿ, ಅರಗಿನ ಪಾಲಿಷ್ ಹಚ್ಚಿಸಿ, ಹರಿದ ಬೆತ್ತವನ್ನು ಮತ್ತೆ ಹೆಣೆಸಿದರೆ ಅವು ಇನ್ನೊಂದು ತಲೆಮಾರಿಗೆ ಬಾಳುತ್ತವೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಹಲಗೆಯ ಸಾಮಾನು ಅಗ್ಗವೆಂದು ಕಂಡರೂ ನೀರು ತಾಗಿದಲ್ಲಿ ಉಬ್ಬಿ, ಒಮ್ಮೆ ಕಿತ್ತ ಮೊಳೆ ಮತ್ತೆ ಹಿಡಿಯದಂತಾಗುತ್ತದೆ. ಪ್ಲೈವುಡ್‌ನಲ್ಲಿ ಮಾಡಿಸುವುದಾದರೆ ಹಲಗೆಯ ಮೇಲೆ ಭಾರತೀಯ ಮಾನಕದ ಮುದ್ರೆಯಿದೆಯೇ ಎಂದು ನೋಡಬೇಕು. ಐಎಸ್ 303 ಸಾಮಾನ್ಯ ಬಳಕೆಯದು, ಐಎಸ್ 710 ನೀರಿಗೆ ಹೆಚ್ಚು ತಡೆಯುವಂಥದು.

ಅಳತೆಯ ವಿಷಯದಲ್ಲಿ ಒಂದು ಸುಲಭೋಪಾಯವಿದೆ. ಕೊಳ್ಳಬೇಕೆಂದಿರುವ ಸಾಮಾನಿನ ಅಳತೆಗೆ ಹಳೆಯ ಪತ್ರಿಕೆಗಳನ್ನು ನೆಲದ ಮೇಲೆ ಹಾಸಿ ಎರಡು ದಿನ ಓಡಾಡಿ ನೋಡಿರಿ. ನಡೆಯಲು ಎರಡೂವರೆ ಅಡಿಯಾದರೂ ದಾರಿ ಉಳಿಯದಿದ್ದರೆ ಆ ಸಾಮಾನು ಆ ಕೋಣೆಗೆ ಸಲ್ಲದು. ಹಿರಿಯರಿರುವ ಮನೆಯಲ್ಲಿ ಆಸನದ ಎತ್ತರ 17-18 ಅಂಗುಲವಿದ್ದು, ಕೈಯೂರಿ ಏಳಲು ಗಟ್ಟಿಯಾದ ತೋಳುಗಳಿರಬೇಕು. ತಗ್ಗಾದ ಮೆತ್ತನೆಯ ಸೋಫಾ ಮಂಡಿನೋವಿನವರಿಗೆ ಬಾವಿಯಿದ್ದಂತೆ. ಇಳಿಯುವುದು ಸುಲಭ, ಏಳುವುದು ಕಷ್ಟ. ಎತ್ತರದ ಕಪಾಟುಗಳನ್ನು ಗೋಡೆಗೆ ಬಿಗಿಸಿರಬೇಕು, ಮಕ್ಕಳು ಹತ್ತಲು ಹೋದಾಗ ಅವು ಮೈಮೇಲೆ ಬೀಳುವ ಅಪಾಯವುಂಟು. ನೆಲದ ಮೇಲೆ ಕೂಡುವ ರೂಢಿಯಿರುವ ಮನೆಗಳಿಗೆ ಸೋಫಾ ಅನಿವಾರ್ಯವೇನಲ್ಲ. ನವಲಗುಂದದಲ್ಲಿ ಹೆಣ್ಣುಮಕ್ಕಳು ಮಗ್ಗದಲ್ಲಿ ನೇಯುವ ಜಮಖಾನ ಒಂದು, ಗೋಡೆಗೆ ಒರಗಲು ನಾಲ್ಕು ಲೋಡು ಇದ್ದರೆ ಹತ್ತು ಜನರ ಪಡಸಾಲೆ ಸಿದ್ಧವಾದಂತೆಯೇ.

ಹಣದ ಮಾತನ್ನೂ ಆಡಲೇಬೇಕು. ಕಂತಿನ ಮೇಲೆ, ಬಡ್ಡಿಯಿಲ್ಲದೆ ಸಾಮಾನು ಎಂಬ ಜಾಹೀರಾತಿಗೆ ಮರುಳಾಗುವವರು ಬಹಳ. ಶೂನ್ಯ ಬಡ್ಡಿಯೆಂಬುದು ವಾಸ್ತವದಲ್ಲಿ ಇಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಹೇಳಿದೆ. ಬಡ್ಡಿಯು ಶುಲ್ಕದ ರೂಪದಲ್ಲಿಯೋ, ಬಿಟ್ಟುಕೊಡದ ರಿಯಾಯಿತಿಯ ರೂಪದಲ್ಲಿಯೋ ಅಡಗಿರುತ್ತದೆ. ರೊಕ್ಕ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ ಎಂದು ಮೊದಲು ಕೇಳಿದರೆ ನಿಜವಾದ ಬೆಲೆ ತಿಳಿಯುತ್ತದೆ. ಬಂಧುಗಳ ಮನೆಯ ಸೋಫಾ ನೋಡಿ ಬಂದ ಆಸೆಗೆ ಮೂರು ವರ್ಷದ ಕಂತು ಕಟ್ಟುವುದಕ್ಕಿಂತ, ಈ ವರ್ಷ ತೇವ ಮತ್ತು ಬಣ್ಣ, ಬರುವ ವರ್ಷ ಹಳೆಯ ಕುರ್ಚಿಗಳ ದುರಸ್ತಿ, ಅದರ ಮುಂದಿನ ವರ್ಷ ಬೇಕೆನಿಸಿದರೆ ಹೊಸದೊಂದು ಸಾಮಾನು ಎಂದು ಹಂಚಿಕೊಂಡರೆ ಸಂಸಾರದ ಮೇಲೆ ಭಾರ ಬೀಳದು.

ಹೀಗೆ ಮನೆಯವರ ಅವಶ್ಯಕತೆ, ಗೋಡೆಯ ಆರೋಗ್ಯ, ಮಕ್ಕಳ ಸುರಕ್ಷತೆ, ಹಳೆಯದರ ದುರಸ್ತಿ, ಕಟ್ಟಕಡೆಗೆ ಹೊಸ ಖರೀದಿ ಎಂಬ ಕ್ರಮದಲ್ಲಿ ನಡೆದರೆ ಪಡಸಾಲೆಯ ಕಳೆ ಒಂದೇ ಹಬ್ಬಕ್ಕೆ ಮುಗಿಯುವುದಿಲ್ಲ. ಬರುವ ರವಿವಾರ ಅಳತೆಯ ಪಟ್ಟಿಯನ್ನು ಕೈಗೆತ್ತಿಕೊಳ್ಳಿರಿ. ಮೊದಲು ಅಜ್ಜ ಕುಳಿತುಕೊಳ್ಳುವ ಕಿಟಕಿಯ ಬಳಿಯ ಜಾಗವನ್ನು ಅಳೆದು ತೆಗೆದಿಟ್ಟು, ಉಳಿದ ಲೆಕ್ಕವನ್ನು ಆಮೇಲೆ ಮಾಡಿರಿ.